ಪಟ್ಟಿಯಲ್ಲೇ ಇಲ್ಲದ ವಸ್ತು ಬೆಲ್ಟ್ ಮೇಲೆ ಬಂದರೆ? ಆಂಟಾಲಜಿಗೆ (ವಸ್ತುಗಳ ವರ್ಗ, ಗುಣ, ನಿಯಮಗಳ ತರ್ಕಬದ್ಧ ಪಟ್ಟಿಗೆ) ಕ್ಲಾಸ್ ಸೇರಿಸುತ್ತಲೇ ಹೋಗಬೇಕಾ?

ಕಣದ ಕ್ಯಾಮೆರಾ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮೆಕ್ಕೆಜೋಳ ಸ್ವಚ್ಛ ಮಾಡುವ ಲೈನ್‌ನ ಪ್ರಶ್ನೆ. ಚೀಲ ಸುರಿದ ಮೇಲೆ ಕಾಳು ವೈಬ್ರೇಟರ್ ದಾಟಿ, ಸುಮಾರು 1 ಸೆಂ.ಮೀ. ದಪ್ಪಕ್ಕೆ ಹರಡಿಕೊಂಡು 60 ಸೆಂ.ಮೀ. ಅಗಲದ ಬೆಲ್ಟ್ ಮೇಲೆ ಬರುತ್ತದೆ. ಬೆಲ್ಟ್ ವೇಗ ಸೆಕೆಂಡಿಗೆ 0.4 ಮೀಟರ್. ಕ್ಯಾಮೆರಾದಿಂದ ಫ್ಲಾಪ್‌ಗೆ 1.2 ಮೀಟರ್ ದೂರ, ಅದರಾಚೆ ಎಲಿವೇಟರ್.

ಗುರುತು ಹಿಡಿಯುವುದು ಯೋಲೊ (ಚಿತ್ರದಲ್ಲಿ ವಸ್ತುವಿನ ಸುತ್ತ ಪೆಟ್ಟಿಗೆ ಹಾಕಿ ಹೆಸರು ಹೇಳುವ ನರಜಾಲ). 11 ಕ್ಲಾಸ್: ಕಲ್ಲು, ಮಣ್ಣಿನ ಹೆಂಟೆ, ಬೆಂಡು (ಕಾಳು ಬಿಡಿಸಿದ ದಿಂಡು), ಸಿಪ್ಪೆ, ಗೋಣಿ ದಾರ, ಪ್ಲಾಸ್ಟಿಕ್, ಬಟ್ಟೆ ತುಂಡು, ಕಬ್ಬಿಣ, ಗಾಜು, ಕಡ್ಡಿ, ಡಾಂಬರು ಚೂರು. ರಸ್ತೆ ಮೇಲೆ ಒಣಗಿಸಿದ ಮಾಲಿನಲ್ಲಿ ಕೊನೆಯದು ಇದ್ದೇ ಇರುತ್ತದೆ, ಕೇಳಬೇಡಿ.

ಇದೇ 11ನ್ನು ಪ್ರೊಟೆಜೆಯಲ್ಲಿ (ಆಂಟಾಲಜಿ ಬರೆಯುವ ತಂತ್ರಾಂಶ) 'ಬೆಲ್ಟ್‌ವಸ್ತು' ಎಂಬ ಮೇಲಿನ ಕ್ಲಾಸ್‌ನ ಕೆಳಗೆ ಡಿಸ್‌ಜಾಯಿಂಟ್ ಯೂನಿಯನ್ (ಒಂದೇ ವಸ್ತು ಎರಡು ಕ್ಲಾಸ್‌ಗೆ ಸೇರದು, ಯಾವುದಕ್ಕೂ ಸೇರದೆಯೂ ಇರದು) ಆಗಿ ಬರೆದಿದೆ. ಬರೆದದ್ದರಿಂದ ತೀರ್ಮಾನ ತೆಗೆಯುವ ರೀಸನರ್ ಹರ್ಮಿಟ್. ಏನು ಮಾಡಬೇಕೆಂಬುದು ಕ್ಲಾಸ್‌ಗೇ ಅಂಟಿಕೊಂಡಿದೆ: ಕಲ್ಲಾದರೆ ಫ್ಲಾಪ್ ಕಸಕ್ಕೆ ತಳ್ಳುತ್ತದೆ, ಬೆಂಡಾದರೆ ಒಕ್ಕುವ ಯಂತ್ರಕ್ಕೆ ವಾಪಸ್, ದಾರವಾದರೆ ಬೆಲ್ಟ್ ನಿಲ್ಲುತ್ತದೆ, ಬಟ್ಟೆಯಾದರೆ ಬೆಲ್ಟ್ ನಿಂತು ಗಂಟೆ ಬಾರಿಸಿ ಹಮಾಲರು ಕೈಯಿಂದ ತೆಗೆಯುತ್ತಾರೆ.

ಪ್ರಾಯೋಗಿಕ ಓಟದ ಲಾಗ್‌ನಲ್ಲಿ ಎರಡು ತಪ್ಪು ಸಿಕ್ಕಿವೆ. ಮುಗ್ಗು ಹಿಡಿದು ಗಟ್ಟಿಯಾದ ಕಾಳಿನ ಉಂಡೆಯನ್ನು 'ಕಲ್ಲು, 0.91' ಅಂದಿದೆ. ಎರಡನೆಯದು ಹೆದರಿಕೆಯದು: ಚೀಲದಲ್ಲಿ ಹುಳಕ್ಕೆಂದು ಇಟ್ಟಿದ್ದ ಅಲ್ಯುಮಿನಿಯಂ ಫಾಸ್ಫೈಡ್ ಪೊಟ್ಟಣವನ್ನು 'ಬಟ್ಟೆ ತುಂಡು, 0.83' ಅಂದಿದೆ. ಬಟ್ಟೆ ಅಂದರೆ ಕೈ ಹಾಕಿ ತೆಗೆ ಎಂದರ್ಥ.

ಇವೆರಡಕ್ಕೂ ಕ್ಲಾಸ್ ಸೇರಿಸಬಹುದು. ನಾಳೆ ಮೂರನೆಯದು ಬರುತ್ತದಲ್ಲ? 'ಇತರೆ' ಅಂತ 12ನೇ ಕ್ಲಾಸ್ ಇಟ್ಟರೆ ಸಾಕಾ?

---

ಕೋಟೆ ಕಲ್ಲು (ಚಿತ್ರದುರ್ಗ)

'ಇತರೆ' ಬೇಡ. ಅದಕ್ಕೆ ತರಬೇತಿ ಕೊಡಲು ಚಿತ್ರ ಬೇಕು, ನಿಮ್ಮ ಹತ್ತಿರ ಇರುವುದು ಈಗಾಗಲೇ ಕಂಡ ವಸ್ತುಗಳ ಚಿತ್ರ. ಚಪ್ಪಲಿ, ಬೀಡಿ ಕಟ್ಟು, ಬಾಟಲಿ ಮುಚ್ಚಳ ಹಾಕಿ 'ಇತರೆ' ಕಲಿಸಿದರೆ ಅದು ಚಪ್ಪಲಿ-ಬೀಡಿ-ಮುಚ್ಚಳ ಕ್ಲಾಸ್ ಆಗುತ್ತದೆ, ಅಷ್ಟೆ. ಕಾಣದ ವಸ್ತುಗಳೆಲ್ಲ ಒಂದಕ್ಕೊಂದು ಹೋಲುತ್ತವೆ ಅಂತ ಎಲ್ಲೂ ಬರೆದಿಲ್ಲವಲ್ಲ.

ನಿಮ್ಮಲ್ಲಿ ಎರಡು ರೋಗ ಬೆರೆತಿವೆ. ಕಣ್ಣಿನದು ಒಂದು, ತಿಳಿವಳಿಕೆಯದು ಇನ್ನೊಂದು. ನಾನು ಕಣ್ಣಿನದನ್ನು ಹೇಳುತ್ತೇನೆ.

0.91 ಅಂದರೆ ಶೇ. 91 ಖಾತ್ರಿ ಅಲ್ಲ. ಕಚ್ಚಾ ಅಂಕಗಳನ್ನು ಒಟ್ಟು 1 ಆಗುವ ಸಂಭವನೀಯತೆಗಳಾಗಿಸುವ ಸಾಫ್ಟ್‌ಮ್ಯಾಕ್ಸ್ ಸೂತ್ರ ಹೇಗೆ ಮೋಸ ಮಾಡುತ್ತದೆ ನೋಡಿ. ಮೂರೇ ಕ್ಲಾಸ್ ಇವೆ ಅಂದುಕೊಳ್ಳಿ. ಒಂದು ಚಿತ್ರಕ್ಕೆ ಜಾಲ ಕೊಟ್ಟ ಕಚ್ಚಾ ಅಂಕ 12, 9, 8. ಇನ್ನೊಂದಕ್ಕೆ 4, 1, 0. ವ್ಯತ್ಯಾಸಗಳು ಒಂದೇ, ಹಾಗಾಗಿ ಎರಡಕ್ಕೂ ಮೊದಲ ಕ್ಲಾಸ್‌ನ ಸಂಭವನೀಯತೆ 0.936 ಬರುತ್ತದೆ. ಮೊದಲನೆಯದು ಹಳೇ ಪರಿಚಯದ ಕಲ್ಲು, ಎರಡನೆಯದು ಏನೋ ಮಸುಕು ಹೋಲಿಕೆ; ಸಾಫ್ಟ್‌ಮ್ಯಾಕ್ಸ್‌ಗೆ ಎರಡೂ ಒಂದೇ. ಅದೇ ಅಂಕಗಳ ಘಾತಗಳನ್ನು ಕೂಡಿಸಿ ಲಾಗ್ ತೆಗೆಯಿರಿ: ಒಂದಕ್ಕೆ 12.07, ಇನ್ನೊಂದಕ್ಕೆ 4.07. ವ್ಯತ್ಯಾಸ ಎದ್ದು ಕಾಣುತ್ತದೆ. ಇದಕ್ಕೆ ಋಣ ಚಿಹ್ನೆ ಹಾಕಿದರೆ ಎನರ್ಜಿ ಸ್ಕೋರ್, 2020ರಲ್ಲಿ ಪ್ರಕಟವಾದ ವಿಧಾನ. ಹೊಸದಾಗಿ ತರಬೇತಿಯೇ ಬೇಡ, ಕಚ್ಚಾ ಅಂಕ ಸಿಕ್ಕರೆ ಸಾಕು. 2016ರ ಓಪನ್‌ಮ್ಯಾಕ್ಸ್ ಕೂಡ ಇದೇ ತೊಂದರೆಗೆ ಬಂದದ್ದು, ಆದರೆ ಪ್ರತಿ ಕ್ಲಾಸ್‌ಗೂ ವೈಬುಲ್ ಹಂಚಿಕೆ ಹೊಂದಿಸಬೇಕು. ಮೊದಲು ಎನರ್ಜಿ ನೋಡಿ.

ಒಂದು ತೊಡಕು: 2018ರ ಯೋಲೊ ಮೂರನೇ ಆವೃತ್ತಿಯಲ್ಲೇ ಸಾಫ್ಟ್‌ಮ್ಯಾಕ್ಸ್ ಬಿಟ್ಟು ಪ್ರತಿ ಕ್ಲಾಸ್‌ಗೂ ಪ್ರತ್ಯೇಕ ಸಿಗ್ಮಾಯ್ಡ್ (ಒಂದೊಂದು ಅಂಕವನ್ನೂ ತನ್ನಷ್ಟಕ್ಕೇ 0-1ರ ನಡುವೆ ತರುವ ಸೂತ್ರ) ಇಟ್ಟಿದ್ದಾರೆ. ಆದ್ದರಿಂದ ಮೇಲಿನ ಲೆಕ್ಕವನ್ನು ಯೋಲೊ ತಲೆಗೆ ನೇರ ಅಂಟಿಸಬೇಡಿ. ಯೋಲೊ ಪೆಟ್ಟಿಗೆ ಹಾಕಲಿ. ಆ ತುಂಡನ್ನು ಕತ್ತರಿಸಿ ಚಿಕ್ಕ ವರ್ಗೀಕರಣ ಜಾಲಕ್ಕೆ ಕೊಟ್ಟು ಅಲ್ಲಿ ಎನರ್ಜಿ ಅಳೆಯಿರಿ. ತರಬೇತಿಗೆ ಬಳಸದ ಪರಿಚಿತ ಚಿತ್ರಗಳಲ್ಲಿ ಶೇ. 95 ಒಳಗೆ ಉಳಿಯುವಂತೆ ಗೆರೆ ಎಳೆಯಿರಿ. ಅಂದರೆ ನೂರು ಪರಿಚಿತ ವಸ್ತುಗಳಲ್ಲಿ ಐದು 'ಗೊತ್ತಿಲ್ಲ' ಆಗುತ್ತವೆ ಅಂತ ಒಪ್ಪಿಕೊಂಡ ಹಾಗೆ.

ಇನ್ನೂ ಕೆಟ್ಟದ್ದೆಂದರೆ ಯೋಲೊ ಪೆಟ್ಟಿಗೆಯನ್ನೇ ಹಾಕದೆ ಬಿಡುವುದು. ಕಲಿತದ್ದಕ್ಕೆ ಹೋಲದ್ದು ಅದಕ್ಕೆ ಹಿನ್ನೆಲೆ. ಅದಕ್ಕೆ ಉಲ್ಟಾ ದಾರಿ ಹಿಡಿಯಿರಿ: ಬರೀ ಒಳ್ಳೇ ಕಾಳಿನ ಚಿತ್ರ ಕಲಿಸಿ, ಕಾಳಿನಂತಿಲ್ಲದ್ದೆಲ್ಲ ಕಣ್ಣಿಗೆ ಚುಚ್ಚುವ ಹಾಗೆ ಮಾಡಿ. 2022ರ ಪ್ಯಾಚ್‌ಕೋರ್ ಇದನ್ನೇ ಮಾಡುತ್ತದೆ. ಒಳ್ಳೇ ಚಿತ್ರದ ತುಣುಕುಗಳ ಗುಣಲಕ್ಷಣ ನೆನಪಿಟ್ಟುಕೊಂಡು, ಹೊಸ ತುಣುಕು ಎಷ್ಟು ದೂರ ಇದೆ ಅಂತ ಅಳೆಯುತ್ತದೆ. ಜೊತೆಗೆ ಅಗ್ಗದ ಉಪಾಯ: ಕ್ಯಾಮೆರಾ ನೇರ ಕೆಳಗೆ ನೋಡುತ್ತಿದ್ದರೆ, ಬೆಲ್ಟ್‌ಗೆ ಅಡ್ಡಲಾಗಿ ಲೇಸರ್ ಗೆರೆಯನ್ನು 45 ಡಿಗ್ರಿ ಓರೆಯಲ್ಲಿ ಬಿಡಿ. ಗೆರೆ ಎಷ್ಟು ಸರಿಯುತ್ತದೋ ವಸ್ತು ಅಷ್ಟೇ ಎತ್ತರ. ಹೆಸರು ಗೊತ್ತಿಲ್ಲದಿದ್ದರೂ ಎತ್ತರ ಗೊತ್ತಾಯಿತು.

---

ಬೆಣ್ಣೆದೋಸೆ ಬೈನರಿ (ದಾವಣಗೆರೆ)

ಮೇಲಿನವರು ಕಣ್ಣು ನೋಡಿದರು, ನಾನು ಆಂಟಾಲಜಿ ನೋಡುತ್ತೇನೆ. ಕಣ್ಣು ಎಷ್ಟೇ ಪ್ರಾಮಾಣಿಕವಾಗಿ 'ಗೊತ್ತಿಲ್ಲ' ಅಂದರೂ ನಿಮ್ಮ ಮಾದರಿ ಹೆಸರು ಹುಟ್ಟಿಸಿಬಿಡುತ್ತದೆ. ಕಾರಣ ಆ ಡಿಸ್‌ಜಾಯಿಂಟ್ ಯೂನಿಯನ್.

ಅದರ ಅರ್ಥ ಏನು? ಬೆಲ್ಟ್ ಮೇಲೆ ಬರುವುದೆಲ್ಲ ಈ 11ರಲ್ಲಿ ಒಂದು ಆಗಿರಲೇಬೇಕು. ಪೊಟ್ಟಣ ಬಂತು. ಲೋಹದ ಸೆನ್ಸರ್ ಸುಮ್ಮನಿದೆ, ಕಬ್ಬಿಣ ಅಲ್ಲ. ಗಟ್ಟಿ ಇಲ್ಲ, ಕಲ್ಲು-ಹೆಂಟೆ-ಡಾಂಬರು ಅಲ್ಲ. ಉದ್ದ ಇಲ್ಲ, ದಾರ-ಕಡ್ಡಿ ಅಲ್ಲ. ಹೊಳಪಿಲ್ಲ, ಗಾಜು-ಪ್ಲಾಸ್ಟಿಕ್ ಅಲ್ಲ. ಬೂದು ಬಿಳಿ ಬಣ್ಣ, ಬೆಂಡು-ಸಿಪ್ಪೆ ಅಲ್ಲ. ಹತ್ತು ಹೊಡೆದು ಹಾಕಿದ ಮೇಲೆ ರೀಸನರ್ ತರ್ಕಬದ್ಧವಾಗಿಯೇ 'ಬಟ್ಟೆ' ಅನ್ನುತ್ತದೆ. ಹರ್ಮಿಟ್ ತಪ್ಪು ಮಾಡಿಲ್ಲ, ನೀವು ಹೇಳಿದ್ದನ್ನು ನಂಬಿದೆ. ಮೊದಲು ಆ ಯೂನಿಯನ್ ತೆಗೆಯಿರಿ. 11 ಕ್ಲಾಸ್ ಒಂದಕ್ಕೊಂದು ಡಿಸ್‌ಜಾಯಿಂಟ್ ಆಗಿರಲಿ, ಪರವಾಗಿಲ್ಲ. ಮೇಲಿನ ಕ್ಲಾಸ್ ಮಾತ್ರ ತೆರೆದಿರಲಿ.

ಅದರ ಬದಲಿಗೆ 'ಅಪರಿಚಿತ = ಕಲ್ಲೂ ಅಲ್ಲ, ಬೆಂಡೂ ಅಲ್ಲ, ...' ಅಂತ ಬರೆಯಲು ಹೋಗಬೇಡಿ, ಬಹಳ ಜನ ಬೀಳುವ ಗುಂಡಿ ಅದು. ಔಲ್, ಅಂದರೆ ನಿಮ್ಮ ಆಂಟಾಲಜಿ ಬರೆದಿರುವ ಭಾಷೆ, ಮುಕ್ತ ಲೋಕದ್ದು. 'ಕಲ್ಲು ಅಂತ ಗೊತ್ತಿಲ್ಲ' ಎಂಬುದು ಅದಕ್ಕೆ 'ಕಲ್ಲಲ್ಲ' ಆಗುವುದಿಲ್ಲ. ಹನ್ನೊಂದನ್ನೂ ಅಲ್ಲಗಳೆದು ಸಾಬೀತು ಮಾಡುವ ತನಕ ಆ ಕ್ಲಾಸ್ ಖಾಲಿಯೇ ಇರುತ್ತದೆ. 'ಇನ್ನೂ ವರ್ಗ ಸಿಕ್ಕಿಲ್ಲ' ಎಂಬುದು ವಸ್ತುವಿನ ಗುಣ ಅಲ್ಲ, ನಮ್ಮ ತಿಳಿವಳಿಕೆಯ ಸ್ಥಿತಿ. ಅದನ್ನು ದತ್ತಾಂಶಕ್ಕೆ ಪ್ರಶ್ನೆ ಕೇಳುವ ಭಾಷೆ ಸ್ಪಾರ್ಕಲ್‌ನ 'ನಾಟ್ ಎಕ್ಸಿಸ್ಟ್ಸ್'ನಿಂದ ಅಥವಾ ಶ್ಯಾಕಲ್ (ದತ್ತಾಂಶ ನಿಯಮಕ್ಕೆ ಹೊಂದುತ್ತದಾ ಅಂತ ನೋಡುವ ಭಾಷೆ) ಪರೀಕ್ಷೆಯಿಂದ ಹೊರಗೆ ಕೇಳಿ.

ಈಗ ಮುಖ್ಯ ವಿಷಯ. ಕ್ರಮವನ್ನು ಹೆಸರಿನಿಂದ ಬಿಡಿಸಿ ಗುಣಕ್ಕೆ ಕಟ್ಟಿ. ವಸ್ತು ಬಂದ ಕೂಡಲೇ ಅದಕ್ಕೊಂದು ಗುರುತು ಸಂಖ್ಯೆ ಕೊಡಿ, ಕ್ಲಾಸ್ 'ಬೆಲ್ಟ್‌ವಸ್ತು' ಅಷ್ಟೇ. ಅಳತೆಗಳನ್ನು ಬೇರೆ ನೋಡ್‌ಗಳಾಗಿ ಜೋಡಿಸಿ: ಉದ್ದ, ಎತ್ತರ, ಲೋಹ ಇದೆ/ಇಲ್ಲ, ಎನರ್ಜಿ, ಯೋಲೊ ಹೇಳಿದ ಹೆಸರು. ಯೋಲೊ ಹೆಸರೂ ಒಂದು ಅಳತೆಯೇ, ಸತ್ಯ ಅಲ್ಲ. ಇದಕ್ಕೆ ಹೊಸ ಶಬ್ದಕೋಶ ಕಟ್ಟಬೇಕಿಲ್ಲ. 2017ರಲ್ಲಿ ವೆಬ್ ಮಾನದಂಡ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾದ, ಸೆನ್ಸರ್ ಅಳತೆಗಳ ಶಬ್ದಕೋಶ ಸೋಸಾದಲ್ಲಿ 'ಅಬ್ಸರ್ವೇಶನ್', 'ಸೆನ್ಸರ್', 'ರಿಸಲ್ಟ್' ಎಲ್ಲ ಇವೆ.

ನಂತರ ಕ್ರಮಗಳು. ನಿಮ್ಮ ಲೈನ್‌ಗೆ ಹೀಗೆ ಬರೆಯಬಹುದು:

– ಉದ್ದ ಅಗಲದ ಎಂಟು ಪಟ್ಟು ಮೀರಿದರೆ: ಹೆಸರು ಏನೇ ಇರಲಿ, ಬೆಲ್ಟ್ ನಿಲ್ಲಿಸು. ಎಲಿವೇಟರ್‌ಗೆ ಸುತ್ತಿಕೊಳ್ಳುವುದು ದಾರವಾ, ಚಾರ್ಜರ್ ವೈರಾ ಎಂಬುದು ಎಲಿವೇಟರ್‌ಗೆ ಬೇಕಿಲ್ಲ.
– ಎತ್ತರ 4 ಸೆಂ.ಮೀ. ಮೀರಿದರೆ: ನಿಲ್ಲಿಸು. ಈ ಸಂಖ್ಯೆ ನಿಮ್ಮ ಬಕೆಟ್ ಅಳತೆ ನೋಡಿ ಬದಲಿಸಿ.
– ಉಳಿದ ಅಪರಿಚಿತ ಎಲ್ಲ: ಫ್ಲಾಪ್ ತೆರೆದು ತಡೆ ಟ್ರೇಗೆ ತಳ್ಳು. ಕಸದ ಗುಂಡಿಗಲ್ಲ, ಟ್ರೇಗೆ. ಕಸಕ್ಕೆ ಹೋದದ್ದು ಹೋಯಿತು, ಟ್ರೇಗೆ ಹೋದದ್ದನ್ನು ತಿರುಗಿ ನೋಡಬಹುದು.
– ಕೈ ಹಾಕಲು ಅನುಮತಿ: ವಸ್ತು ಪರಿಚಿತ, ಎನರ್ಜಿ ಗೆರೆಯೊಳಗೆ, ಆ ಕ್ಲಾಸ್‌ಗೆ 'ಕೈಯಿಂದ ಮುಟ್ಟಬಹುದು' ಅಂತ ಬರೆದಿದೆ. ಮೂರೂ ಇದ್ದರೆ ಮಾತ್ರ.

ಕೊನೆಯದನ್ನು ಗಮನಿಸಿ. 'ಅಪಾಯ ಇದೆ ಅಂತ ಗೊತ್ತಿಲ್ಲ, ಆದ್ದರಿಂದ ಮುಟ್ಟು' ಅಲ್ಲ. ಸುರಕ್ಷಿತ ಅಂತ ಸಾಬೀತಾಗದಿದ್ದರೆ ಮುಟ್ಟಬೇಡ. ಪೂರ್ವನಿಯೋಜಿತ ಉತ್ತರ ಅಪಾಯದ ಕಡೆಗೇ ವಾಲಿರಬೇಕು. ಔಲ್‌ನಲ್ಲಿ ಈ ಥರದ ಪೂರ್ವನಿಯೋಜಿತ ನಿಯಮ ಬರೆಯಲಾಗದು, ಅದು ಮೊನೊಟೊನಿಕ್; ಹೊಸ ಸಂಗತಿ ಬಂದರೆ ಹಳೇ ತೀರ್ಮಾನ ಹಿಂತೆಗೆಯುವುದು ಅದಕ್ಕೆ ಗೊತ್ತಿಲ್ಲ. ಹಾಗೆ ಹಿಂತೆಗೆಯಬಲ್ಲ ಡಿಫಾಲ್ಟ್ ಲಾಜಿಕ್ ಬಗ್ಗೆ ಸಂಶೋಧಕ ರೈಟರ್ 1980ರಲ್ಲೇ ಬರೆದಿದ್ದಾರೆ. ಇವತ್ತು ಕೈಗೆ ಸಿಗುವ ಸಾಧನ ಬೇಕಿದ್ದರೆ ಇಂಥ ನಿಯಮ ಓಡಿಸುವ ಕ್ಲಿಂಗೊ ನೋಡಿ.

ಮತ್ತೆ ಒಂದೊಂದು ವಸ್ತುವಿಗೂ ಹರ್ಮಿಟ್ ಓಡಿಸಬೇಡ್ರಿ. 1.2 ಮೀಟರ್, 0.4ರ ವೇಗ: ಕೈಯಲ್ಲಿರುವುದು 3 ಸೆಕೆಂಡ್. ರೀಸನರ್ ಸಮಯ ಒಮ್ಮೊಮ್ಮೆ ಹಿಗ್ಗುತ್ತದೆ. ರಾತ್ರಿ ಒಮ್ಮೆ ಓಡಿಸಿ ಗುಣಗಳ ಜೋಡಣೆಯಿಂದ ಕ್ರಮದ ಕೋಷ್ಟಕ ತೆಗೆದಿಟ್ಟುಕೊಳ್ಳಿ. ಹಗಲು ಕೋಷ್ಟಕ ನೋಡಿದರೆ ಸಾಕು.

---

ಚಳ್ಳಕೆರೆ ಶೇಂಗಾ

ಅಪರಿಚಿತ ಕಂಡಾಗಲೆಲ್ಲ ಟ್ರೇಗೆ ಅಂದರೆ ಅರ್ಧ ಮಾಲು ಟ್ರೇಲೇ ಇರುತ್ತೆ ಅಲ್ವಾ?

---

ಕೋಟೆ ಕಲ್ಲು (ಚಿತ್ರದುರ್ಗ)

ಲೆಕ್ಕ ಹಾಕೋಣ. ಫ್ಲಾಪ್ 0.4 ಸೆಕೆಂಡ್ ತೆರೆದಿದ್ದರೆ 16 ಸೆಂ.ಮೀ. ಉದ್ದದ ಬೆಲ್ಟ್ ಖಾಲಿಯಾಗುತ್ತದೆ. ಅಗಲ 60, ದಪ್ಪ 1. ಮೆಕ್ಕೆಜೋಳ ಘನ ಮೀಟರಿಗೆ ಸುಮಾರು 720 ಕೆ.ಜಿ. ಅಂದುಕೊಂಡರೆ ಒಂದು ಸಲಕ್ಕೆ 700 ಗ್ರಾಂ ಹತ್ತಿರ. ನಿಮಿಷಕ್ಕೆ 40 ಪರಿಚಿತ ಕಸ ಬಂದು ಅದರಲ್ಲಿ ಶೇ. 5 ತಪ್ಪಾಗಿ 'ಅಪರಿಚಿತ' ಆದರೂ ನಿಮಿಷಕ್ಕೆ ಎರಡು ಸಲ, ಗಂಟೆಗೆ 84 ಕೆ.ಜಿ. ಇಡೀ ಲೈನ್ ಗಂಟೆಗೆ 6.2 ಟನ್ ಸಾಗಿಸುತ್ತದೆ. ಶೇ. 1.4ಕ್ಕಿಂತ ಕಡಿಮೆ, ಅದನ್ನೂ ನೋಡಿ ಮತ್ತೆ ಮೇಲೆ ಸುರಿಯಬಹುದು.

ಅದೇ ಜಾಗದಲ್ಲಿ ಟ್ರೇ ಬದಲು 'ನಿಲ್ಲಿಸು' ಇಟ್ಟು, ಒಂದೊಂದು ನಿಲುಗಡೆಗೆ 45 ಸೆಕೆಂಡ್ ಹಿಡಿದರೆ ಲೆಕ್ಕ ಬೇರೆಯೇ: ಅರ್ಧ ನಿಮಿಷ ಓಡಿ ಮುಕ್ಕಾಲು ನಿಮಿಷ ನಿಲ್ಲುವ ಲೈನ್ ಆಗುತ್ತದೆ. ಒಂದೇ ವಾರದಲ್ಲಿ ಯಾರೋ ಸೆನ್ಸರ್ ವೈರ್ ಕಿತ್ತು ಹಾಕುತ್ತಾರೆ, ಅವರದ್ದೂ ತಪ್ಪಲ್ಲ.

ಇನ್ನೊಂದು ಸೂಚನೆ. ಅಪರಿಚಿತಗಳ ಪ್ರಮಾಣವನ್ನು ಹತ್ತು ನಿಮಿಷದ ಕಿಟಕಿಯಲ್ಲಿ ಎಣಿಸುತ್ತಿರಿ. ಏಕಾಏಕಿ ನಾಲ್ಕೈದು ಪಟ್ಟು ಏರಿದರೆ ಹೊಸ ವಸ್ತು ಬಂದಿಲ್ಲ, ಲೆನ್ಸ್ ಮೇಲೆ ಧೂಳು ಕೂತಿದೆ ಅಥವಾ ಒಂದು ಲೈಟ್ ಹೋಗಿದೆ. ಕಾಳಿನ ತುದಿಯಿಂದ ಉದುರುವ ಕೆಂಪು ಹೊಟ್ಟು ಗಾಜಿಗೆ ಅಂಟುವುದರಲ್ಲಿ ಎತ್ತಿದ ಕೈ. ಒದ್ದೆ ಮಾಲು ಬಂದರೂ ಹೀಗೇ; ಬಣ್ಣ ಗಾಢವಾಗಿ ಪ್ಯಾಚ್‌ಕೋರ್‌ಗೆ ಎಲ್ಲವೂ ಹೊಸದು. ಶೇ. 14ರ ಆಚೆ ತೇವಾಂಶದ ಕಾಳಿನ ಚಿತ್ರಗಳನ್ನೂ 'ಒಳ್ಳೇ ಕಾಳು' ಗುಂಪಿಗೆ ಸೇರಿಸಿ.

---

ಕಣದ ಕ್ಯಾಮೆರಾ (ದಾವಣಗೆರೆ)

ಯೂನಿಯನ್ ತೆಗೆದು ಹಳೇ ಲಾಗ್ ಮತ್ತೆ ಓಡಿಸಿದೆ. ಪೊಟ್ಟಣ ಈಗ ಬರೀ 'ಬೆಲ್ಟ್‌ವಸ್ತು'. ಸರಿ. ಆದರೆ ಮುಗ್ಗಿನ ಉಂಡೆ ಮಾತ್ರ 'ಕಾಳು' ಅಂತ ಬರುತ್ತಿದೆ, ಯಾರೂ ಹಾಗೆ ಬರೆದಿಲ್ಲ! ಇನ್ನೊಂದು: ಚಿತ್ರ ನೋಡಿ ಹೆಸರು ಹೇಳುವ ದೊಡ್ಡ ಮಾದರಿಗೇ ಟ್ರೇ ಚಿತ್ರ ಕೊಟ್ಟು ಕ್ಲಾಸ್ ಸೇರಿಸಿಕೊಳ್ಳಬಹುದಾ?

---

ಬೆಣ್ಣೆದೋಸೆ ಬೈನರಿ (ದಾವಣಗೆರೆ)

ಉಂಡೆಗೆ ತೇವಾಂಶದ ಅಳತೆ ಬರೆದಿದ್ದೀರಿ ತಾನೆ? 'ತೇವಾಂಶ' ಗುಣಕ್ಕೆ ಡೊಮೇನ್ (ಆ ಗುಣ ಯಾವ ಕ್ಲಾಸ್‌ನದು ಎಂಬ ಸಾಲು) 'ಕಾಳು' ಅಂತ ಇರುತ್ತದೆ, ತೆರೆದು ನೋಡಿ. ಔಲ್‌ನಲ್ಲಿ ಡೊಮೇನ್ ಎಂದರೆ ನಿರ್ಬಂಧ ಅಲ್ಲ, ತೀರ್ಮಾನ. 'ಕಾಳಿಗೆ ಮಾತ್ರ ತೇವಾಂಶ ಬರೆಯಬೇಕು' ಅಂತ ನೀವು ಅಂದುಕೊಂಡಿರಿ, ಅದು 'ತೇವಾಂಶ ಇರುವುದೆಲ್ಲ ಕಾಳು' ಅಂತ ಓದಿಕೊಂಡಿತು. ನಾಳೆ ಒದ್ದೆ ಚಪ್ಪಲಿಯೂ ಕಾಳಾಗುತ್ತದೆ. ಡೊಮೇನ್ ತೆಗೆದು, ಆ ನಿಯಮವನ್ನು ಶ್ಯಾಕಲ್ ಶೇಪ್ ಆಗಿ ಬರೆಯಿರಿ. ಅಲ್ಲಿ ಅದು ದೋಷ ಅಂತ ಬರುತ್ತದೆ, ಹೊಸ ಸಂಗತಿ ಹುಟ್ಟುವುದಿಲ್ಲ.

ದೊಡ್ಡ ಮಾದರಿ: ಸಲಹೆಗೆ ಸರಿ, ತೀರ್ಪಿಗೆ ಬೇಡ. ಚಿತ್ರಕ್ಕೂ ಹೆಸರಿಗೂ ಹೋಲಿಕೆ ಅಳೆಯುವ 2021ರ ಕ್ಲಿಪ್ ಥರದ್ದಾದರೆ ನೀವು ಕೊಟ್ಟ ಹೆಸರುಗಳ ಪಟ್ಟಿಯಲ್ಲೇ ಹತ್ತಿರದ್ದನ್ನು ಆರಿಸುತ್ತದೆ, ಮತ್ತೆ ಅದೇ ಮುಚ್ಚಿದ ಪಟ್ಟಿ. ವಾಕ್ಯದಲ್ಲೇ ವಿವರಿಸುವಂಥದ್ದು ಪೊಟ್ಟಣವನ್ನು 'ಟೀ ಬ್ಯಾಗ್' ಅಂದರೂ ಆಶ್ಚರ್ಯವಿಲ್ಲ. ಟ್ರೇ ಚಿತ್ರಕ್ಕೆ ಮೂರು ಹೆಸರು ಸೂಚಿಸಲಿ, ಒಪ್ಪುವುದು ಮನುಷ್ಯ.

ಕ್ಲಾಸ್ ಯಾವಾಗ ಸೇರಿಸಬೇಕು ಎಂಬುದಕ್ಕೆ ನಾನು ನೋಡುವುದು ಒಂದೇ ಪ್ರಶ್ನೆ: ಹೆಸರು ಕೊಟ್ಟರೆ ಕ್ರಮ ಬದಲಾಗುತ್ತದಾ? ಬಾಟಲಿ ಮುಚ್ಚಳಕ್ಕೂ ಬಳಪಕ್ಕೂ ಟ್ರೇಯೇ ಗತಿಯಾದರೆ ಎರಡಕ್ಕೂ ಕ್ಲಾಸ್ ಬೇಡ, ಅಪರಿಚಿತವಾಗಿಯೇ ಇರಲಿ. ಮುಗ್ಗಿನ ಉಂಡೆಗೆ ಬೇಕು, ಏಕೆಂದರೆ ಅಲ್ಲಿ ಉಂಡೆ ತೆಗೆದರೆ ಮುಗಿಯುವುದಿಲ್ಲ. ಆ ಚೀಲವನ್ನೇ, ಅದರ ಲಾಟನ್ನೇ ಪಕ್ಕಕ್ಕಿಟ್ಟು ತೇವಾಂಶ, ಶಿಲೀಂಧ್ರ ನೋಡಬೇಕು. ಕಲ್ಲಿನ ಜೊತೆ ಕಸಕ್ಕೆ ಹೋಗಿದ್ದರೆ ಆ ಸುದ್ದಿಯೇ ಕಳೆದುಹೋಗುತ್ತಿತ್ತು. ಪೊಟ್ಟಣಕ್ಕಂತೂ ಬೇಕೇ ಬೇಕು.

ಸೇರಿಸುವಾಗ: ಕನಿಷ್ಠ 30 ಚಿತ್ರ, ಮೂರು ಬೇರೆ ಲಾಟ್, ಬೇರೆ ದಿನ. ಒಂದೇ ಚೀಲದ 30 ಉಂಡೆ ಲೆಕ್ಕಕ್ಕಿಲ್ಲ. (ಪೊಟ್ಟಣಕ್ಕೆ ಕಾಯಬೇಡಿ, ಕಾರ್ಖಾನೆಯ ಖಾಲಿ ಪೊಟ್ಟಣಕ್ಕೆ ಮರಳು ತುಂಬಿ ಚಿತ್ರ ತೆಗೆಯಿರಿ. ಬಳಸಿದ ಪೊಟ್ಟಣ ಬೇಡ.) ಇಬ್ಬರು ಬೇರೆ ಬೇರೆ ಕೂತು ಹೆಸರಿಸಿ ಒಂದೇ ಉತ್ತರ ಬರಬೇಕು. ತರಬೇತಿ ಬರೀ ಹೊಸ ಚಿತ್ರಗಳಿಂದ ಮಾಡಿದರೆ ಜಾಲ ಹಳೆಯದನ್ನು ಮರೆಯುತ್ತದೆ. ಹಳೇ ಕ್ಲಾಸ್ ಒಂದೊಂದಕ್ಕೂ ಐವತ್ತು ಚಿತ್ರ ಕಾದಿಟ್ಟು ಬೆರೆಸಿ. ಆಂಟಾಲಜಿ ಫೈಲ್‌ಗೆ ಆವೃತ್ತಿ ಸಂಖ್ಯೆ ಏರಿಸಿ, ಹಳೇ ಕ್ಲಾಸ್ ಬೇಡವಾದರೆ ಅಳಿಸದೆ 'ಡೆಪ್ರಿಕೇಟೆಡ್' ಗುರುತು ಹಾಕಿ, ಇಲ್ಲದಿದ್ದರೆ ಹಿಂದಿನ ಲಾಗ್ ಓದಲಾಗದು. ಹೊಸ ಆವೃತ್ತಿ ಲೈನ್‌ಗೆ ಹೋಗುವ ಮುಂಚೆ ಹಳೇ ಲಾಗ್ ಪೂರ್ತಿ ಓಡಿಸಿ, ಕ್ರಮ ಬದಲಾದ ಪ್ರತಿ ಸಾಲನ್ನೂ ಕಣ್ಣಿಂದ ನೋಡಿ.

ಇದರ ಜೊತೆಗೇ, ವಸ್ತುವಿನ ಹೆಸರು ಬದಲಾದಾಗ ಅದರ ಇತಿಹಾಸ ಎಸೆಯಬೇಡಿ. 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿಯಲ್ಲಿ ಪ್ರಯೋಗದಲ್ಲಿದ್ದ ಸ್ವಯಂಚಾಲಿತ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿ ಅವರು ತೀರಿಕೊಂಡರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ ಕಾರಿಗೆ 5.6 ಸೆಕೆಂಡ್ ಮೊದಲೇ ಏನೋ ಕಂಡಿತ್ತು. ಒಮ್ಮೆ ವಾಹನ, ಒಮ್ಮೆ 'ಇತರೆ', ಒಮ್ಮೆ ಸೈಕಲ್ ಅಂದಿತು; ಹೆಸರು ಬದಲಾದಾಗಲೆಲ್ಲ ಹಿಂದಿನ ಚಲನೆಯ ದಾಖಲೆ ಲೆಕ್ಕಕ್ಕೆ ಬರಲಿಲ್ಲ, ಎತ್ತ ಸಾಗುತ್ತಿದೆ ಎಂದು ಅಂದಾಜಿಸಲಾಗಲಿಲ್ಲ. ಜೀಬ್ರಾ ಪಟ್ಟೆಯ ಹೊರಗೆ ಜನ ದಾಟಬಹುದೆಂಬ ಕಲ್ಪನೆಯೂ ಅದರಲ್ಲಿರಲಿಲ್ಲ. ಗುರುತು ಸಂಖ್ಯೆಗೆ ಇತಿಹಾಸ ಕಟ್ಟಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

---

ಚಳ್ಳಕೆರೆ ಶೇಂಗಾ

ಪೊಟ್ಟಣದ ಕ್ಲಾಸ್ ಬರೆಯುವವರಿಗೆ ಎರಡು ಸಾಲು. ಅಲ್ಯುಮಿನಿಯಂ ಫಾಸ್ಫೈಡ್‌ಗೆ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. 3 ಗ್ರಾಂ ಮಾತ್ರೆ ಒಂದರಿಂದ ಸುಮಾರು 1 ಗ್ರಾಂ. ಆದ್ದರಿಂದ 'ನೀರು ಹಾಕಬೇಡ', 'ಬರಿಗೈ ಬೇಡ', 'ಮುಚ್ಚಿದ ಡಬ್ಬಿಗೆ ಹಾಕಬೇಡ' ಮೂರೂ ನಿಷೇಧವಾಗಿ ಬರೆಯಿರಿ. ವಾಸನೆ ನಂಬಬೇಡಿ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಎಂಟು ಗಂಟೆ ಸರಾಸರಿಗೆ ಇಟ್ಟ ಮಿತಿ 0.3 ಪಿಪಿಎಂ, ಸುರಿಯುವ ಜಾಗದಲ್ಲಿ ಫಾಸ್ಫೀನ್ ಸೆನ್ಸರ್ ಒಂದು ನೇತುಹಾಕಿ, ಅದರ ಅಳತೆಯನ್ನೂ ಆಂಟಾಲಜಿಗೆ ಕೊಡಿ. ಆಗ ಕ್ಯಾಮೆರಾಗೆ ಪೊಟ್ಟಣ ಕಾಣದೆ ಕಾಳಿನಡಿ ಹೂತಿದ್ದರೂ ನಿಯಮ ಓಡುತ್ತದೆ.

ತಡೆ ಟ್ರೇ ಜಾಲರಿ ತಳದ್ದಾಗಿರಲಿ, ಗಾಳಿಯಾಡುವ ಕಡೆ ಇಡಿ. ಶೆಡ್ಡಿನ ಮೂಲೆಯಲ್ಲಿ, ಹಮಾಲರು ಊಟಕ್ಕೆ ಕೂರುವ ಜಾಗದ ಪಕ್ಕ ಬೇಡ.

---

ಕಣದ ಕ್ಯಾಮೆರಾ (ದಾವಣಗೆರೆ)

ಡೊಮೇನ್ ಅದೇ ಆಗಿತ್ತು, ತೆಗೆದೆ. ಹುಡುಕಿದರೆ 'ಉದ್ದ' ಗುಣಕ್ಕೂ ಡೊಮೇನ್ 'ದಾರ' ಅಂತ ಇತ್ತು. ಇಷ್ಟು ದಿನ ಬೆಂಡು ಬಂದಾಗ ಬೆಲ್ಟ್ ಯಾಕೆ ಸುಮ್ಮಸುಮ್ಮನೆ ನಿಲ್ಲುತ್ತಿತ್ತು ಅಂತ ಈಗ ಗೊತ್ತಾಯಿತು. ಆದರೆ ಬೆಂಡು-ದಾರ ಎರಡೂ ಡಿಸ್‌ಜಾಯಿಂಟ್ ಅಲ್ವಾ, ಹರ್ಮಿಟ್ ಅಸಂಗತ ಅಂತ ಕೂಗಬೇಕಿತ್ತಲ್ಲ?

---

ಬೆಣ್ಣೆದೋಸೆ ಬೈನರಿ (ದಾವಣಗೆರೆ)

ಕೂಗಿರುತ್ತದೆ. ಆ ಎಕ್ಸೆಪ್ಶನ್ (ದೋಷದ ಸೂಚನೆ) ಹಿಡಿದು 'ಬೆಲ್ಟ್ ನಿಲ್ಲಿಸು' ಅಂತ ಕೋಡ್‌ನಲ್ಲಿ ಯಾರೋ ಬರೆದಿರುತ್ತಾರೆ, ಲಾಗ್‌ಗೆ ಬರೆಯದೆ. ಆ ಸಾಲು ಹುಡುಕಿ.